ಬರೆಯದೆ ಹೋದ ಕಾಗದ

ನಾನು ಚಿಕ್ಕಂದಿನಿಂದ ಬಲ್ಲ ಒಂದು ಮನೆಯುಂಟು. ಆ ಮನೆಯ ಯಜಮಾನರು ಉಪಾಧ್ಯಾಯ ವೃತ್ತಿಯಲ್ಲಿದ್ದವರು. ಸಂಬಳದಲ್ಲಿ ಉಳಿಸಿದ ಹಣದಿಂದ ನಾಲ್ಕು ಅಂಕಣದ ಮನೆಯೊಂದನ್ನು ಕಟ್ಟಿಸಿದ್ದರು. ಊರ ಹೊರಗೆ ಹಿರಿಯರ ಕಾಲದಿಂದ ಬಂದ ಎರಡೆಕರೆ ತೆಂಗಿನ ತೋಟವೂ ಇದ್ದಿತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಬ್ಬಹರಿದಿನಗಳಲ್ಲಿ ಮಕ್ಕಳೆಲ್ಲ ಬಂದು ಸೇರಿದಾಗ ಅವರು ಊಟದ ಎಲೆಯ ಮುಂದೆ ಕುಳಿತು, “ಈ ಮನೆ ನಿಮ್ಮ ಅಮ್ಮನದು. ಅವಳಿರುವವರೆಗೆ ಇದರ ಮಾತನ್ನು ಯಾರೂ ಎತ್ತಕೂಡದು” ಎಂದು ಹೇಳುತ್ತಿದ್ದರು. ಮಕ್ಕಳೂ ತಲೆದೂಗುತ್ತಿದ್ದರು. ಸ್ನೇಹಿತರಾದ ವಕೀಲರೊಬ್ಬರು, “ಮೇಷ್ಟ್ರೇ, ಈ ಮಾತನ್ನೇ ಒಂದು ಕಾಗದದ ಮೇಲೆ ಬರೆದಿಡಿ” ಎಂದು ಎರಡು ಮೂರು ಸಲ ಹೇಳಿದ್ದುಂಟು. ಅದಕ್ಕೆ ಅವರು ನಕ್ಕು, “ಉಯಿಲು ಬರೆಯುವುದೆಂದರೆ ಯಮನಿಗೆ ನಾವೇ ಓಲೆ ಕಳುಹಿಸಿದಂತೆ. ಅವಸರವೇನು?” ಎಂದುಬಿಟ್ಟರು.

ಒಂದು ಆಷಾಢದಲ್ಲಿ ಅವರು ತೀರಿಕೊಂಡರು. ವರ್ಷಾಬ್ದಿಕ ಮುಗಿಯುವವರೆಗೆ ಯಾರೂ ಮಾತನಾಡಲಿಲ್ಲ. ಬಳಿಕ ಕಿರಿಯ ಮಗನು ವ್ಯಾಪಾರದಲ್ಲಿ ಸಾಲವಾಗಿ ತನ್ನ ಪಾಲನ್ನು ಕೇಳಿದನು. ಹಿರಿಯನು ಕೊಳ್ಳಲು ಒಪ್ಪಿದರೂ ಬೆಲೆಯಲ್ಲಿ ಹೊಂದಿಕೆಯಾಗಲಿಲ್ಲ. “ನಿನ್ನ ಮದುವೆಗೆ ಖರ್ಚು ಮಾಡಿದ್ದಾಯಿತಲ್ಲ” ಎಂಬ ಮಾತು ಮಗಳ ಕಿವಿಗೆ ಬಿದ್ದು, ಅದುವರೆಗೆ ಏನನ್ನೂ ಕೇಳದಿದ್ದ ಅವಳೂ ನೊಂದು ತನ್ನ ಭಾಗವನ್ನು ಕೇಳಿದಳು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. ಮನೆಯನ್ನು ನಾಲ್ಕಾಗಿ ಸೀಳಲು ಬರುವಂತಿರಲಿಲ್ಲವಾದುದರಿಂದ ಕಡೆಗೆ ಅದನ್ನು ಮಾರಿ ಹಣವನ್ನು ಹಂಚಿಕೊಂಡರು. ಆ ತಾಯಿಯು ಈಗ ಒಬ್ಬೊಬ್ಬ ಮಕ್ಕಳ ಮನೆಯಲ್ಲಿ ಕೆಲಕೆಲವು ತಿಂಗಳು ಇರುತ್ತಾರೆ. ಕಳೆದ ಸಲ ಕಂಡಾಗ ಅವರು ಯಾರನ್ನೂ ದೂರಲಿಲ್ಲ. “ಅವರು ಹೇಳಿದ್ದರಪ್ಪ, ಬರೆದಿರಲಿಲ್ಲ” ಎಂದಷ್ಟೇ ಹೇಳಿದರು.

ಈ ಒಂದು ವಾಕ್ಯವೇ ಈ ಲೇಖನಕ್ಕೆ ಕಾರಣವಾಗಿದೆ. ಆ ಮಕ್ಕಳಲ್ಲಿ ಯಾರೂ ದುಷ್ಟರಲ್ಲ. ನ್ಯಾಯಾಲಯವೂ ತಪ್ಪು ಮಾಡಲಿಲ್ಲ. ತಪ್ಪಿದುದು ಒಂದೇ ಒಂದು ಹಾಳೆಯ ಕಾಗದ.

ಪೂರ್ವಕಾಲದ ಪದ್ಧತಿ

ಮರಣಾನಂತರ ತನ್ನ ಆಸ್ತಿಯು ಇಂಥವರಿಗೆ ಸೇರತಕ್ಕದ್ದೆಂದು ಬರೆದಿಡುವ ಪದ್ಧತಿಯು ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಇರಲಿಲ್ಲ. ಹಿಂದೂ ಕುಟುಂಬಗಳ ದಾಯಭಾಗಕ್ಕೆ ಬಂಗಾಳವನ್ನು ಬಿಟ್ಟು ದೇಶದ ಬಹುಭಾಗದಲ್ಲಿ ಪ್ರಮಾಣವೆನಿಸಿದ ‘ಮಿತಾಕ್ಷರಾ’ ಎಂಬ ಗ್ರಂಥವು ನಮ್ಮ ಕನ್ನಡನಾಡಿನಲ್ಲಿಯೇ ಹುಟ್ಟಿತೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಅದು. ಆ ಮತದಂತೆ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕುಂಟು. ತಂದೆಯು ತಾನೊಬ್ಬನೇ ಕೊಡಲು ಅದು ಅವನೊಬ್ಬನದಲ್ಲ. ಆದಕಾರಣ ಅಲ್ಲಿ ಉಯಿಲಿಗೆ ಎಡೆಯೇ ಇರಲಿಲ್ಲ. ಉಯಿಲಿನ ವಾಡಿಕೆಯು ಆಂಗ್ಲರ ಆಳಿಕೆಯಲ್ಲಿ ಬೇರೂರಿತು.

ಕೂಡಿದ ಕುಟುಂಬವು ಕೂಡಿಯೇ ಇದ್ದ ಕಾಲದಲ್ಲಿ ಆ ಏರ್ಪಾಡು ನಡೆಯಿತು. ಆದರೆ ಅದರಲ್ಲಿ ಹೆಂಗಸರ ಪಾಲು ಬಹಳ ಕಿರಿದಾಗಿದ್ದಿತು. ಈ ಕೊರತೆಯನ್ನು ಅಷ್ಟಿಷ್ಟು ತುಂಬುವುದಕ್ಕಾಗಿ ಮೈಸೂರು ಸಂಸ್ಥಾನದಲ್ಲಿ ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಾಯಿತು. ಅದರ ಮೂಲಕ ಪಾಲಾಗುವ ಸಮಯದಲ್ಲಿ ತಾಯಿ, ಅವಿವಾಹಿತ ಹೆಣ್ಣುಮಕ್ಕಳು ಮೊದಲಾದವರಿಗೆ ಅಂಶ ದೊರೆಯುವಂತಾಯಿತು. ೧೯೫೬ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಶಾಸನವು ಬಂದಿತು. ಕರ್ನಾಟಕದಲ್ಲಿ ೧೯೯೪ರ ಜುಲೈನಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟುಹಕ್ಕು ದೊರೆಯಿತು. ೨೦೦೫ರ ಸೆಪ್ಟೆಂಬರ್ ೯ರಿಂದ ವಿವಾಹಿತೆ, ಅವಿವಾಹಿತೆ ಎಂಬ ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮನಾದ ಹಕ್ಕು ಉಂಟಾಯಿತು. ತಂದೆಯು ಆ ದಿನಕ್ಕಿಂತ ಮುಂಚೆ ತೀರಿಹೋಗಿದ್ದರೂ ಮಗಳಿಗೆ ಈ ಹಕ್ಕು ಇದ್ದೇ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟಿನಲ್ಲಿ ತೀರ್ಮಾನಿಸಿದೆ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ಕ್ರಮವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕದಲಿಸುವಂತಿಲ್ಲ.

ಆಸ್ತಿಯು ಯಾರದು?

ಉಯಿಲು ಬರೆಯಲು ಕುಳಿತ ಗೃಹಸ್ಥನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಇದು. ತಾನು ದುಡಿದು ಕೊಂಡುದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆದಿಡಬಹುದು. ಹಿರಿಯರಿಂದ ಇಳಿದುಬಂದ ಅವಿಭಕ್ತ ಆಸ್ತಿಯಲ್ಲಿಯಾದರೋ ತನ್ನ ಅಂಶವನ್ನು ಮಾತ್ರ ೧೯೫೬ರ ಶಾಸನದ ೩೦ನೆಯ ಕಲಮಿನಂತೆ ಉಯಿಲಿನ ಮೂಲಕ ಕೊಡಬಹುದು. ಮಕ್ಕಳ ಅಂಶವನ್ನು ತಂದೆಯು ಬರೆದುಕೊಡಲಾರನು. ನಮ್ಮ ಮೇಷ್ಟ್ರು ಮನೆಯನ್ನು ಧಾರಾಳವಾಗಿ ಹೆಂಡತಿಯ ಹೆಸರಿಗೆ ಬರೆಯಬಹುದಾಗಿತ್ತು. ಇಡೀ ತೋಟವನ್ನು ಬರೆಯಲು ಬರುತ್ತಿರಲಿಲ್ಲ.

ಏನನ್ನೂ ಬರೆಯದೆ ಹೋದರೆ ಆಗುವುದೇನು? ಹಿಂದೂ ಗಂಡಸಿನ ಸ್ವಂತ ಆಸ್ತಿಯು ಮೊದಲನೆಯ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೀವದಿಂದಿದ್ದರೆ ತಾಯಿ ಇವರಿಗೆ ತಲೆಗೊಂದು ಸಮಭಾಗ. ತೀರಿಹೋದ ಮಗ ಅಥವಾ ಮಗಳ ಭಾಗವು ಅವರ ಸಂತಾನಕ್ಕೂ, ಮಗನಾಗಿದ್ದರೆ ಅವನ ವಿಧವೆಗೂ ಸಲ್ಲುವುದು. ಗಂಡನ ಮನೆಯೆಲ್ಲವೂ ಹೆಂಡತಿಗೇ ಬರುವುದೆಂದು ನಂಬಿರುವ ಗೃಹಿಣಿಯರು ಬಹುಮಂದಿ. ಮೂವರು ಮಕ್ಕಳಿರುವಲ್ಲಿ ಅವಳಿಗೆ ಬರುವುದು ನಾಲ್ಕನೆಯ ಒಂದು ಭಾಗ ಮಾತ್ರ. ಮೇಷ್ಟ್ರ ಮನೆಯು ಮಾರಾಟವಾದುದಕ್ಕೆ ಈ ಲೆಕ್ಕವೇ ಕಾರಣ.

ಹೆಂಗಸರ ಆಸ್ತಿಯ ವಿಷಯವು ಇನ್ನೂ ಸೂಕ್ಷ್ಮವಾದುದು. ತನ್ನ ಸಂಬಳದಿಂದ ನಿವೇಶನವನ್ನೋ ಒಡವೆಯನ್ನೋ ಮಾಡಿಕೊಂಡ ಹಿಂದೂ ಸ್ತ್ರೀಯು ಉಯಿಲಿಲ್ಲದೆ ತೀರಿಕೊಂಡರೆ ಅದು ಮೊದಲು ಮಕ್ಕಳಿಗೂ ಗಂಡನಿಗೂ ಸಲ್ಲುತ್ತದೆ. ಮಕ್ಕಳೂ ಗಂಡನೂ ಇಲ್ಲದಿದ್ದರೆ ಅದು ಅವಳ ತಂದೆತಾಯಿಗಳಿಗೆ ಹೋಗದೆ, ಗಂಡನ ವಾರಸುದಾರರಿಗೆ ಹೋಗುತ್ತದೆ. ತಂದೆತಾಯಿಗಳಿಂದ ವಾರಸಾಗಿ ಬಂದ ಆಸ್ತಿಯು ಮಾತ್ರ, ಸಂತಾನವಿಲ್ಲದಿದ್ದಲ್ಲಿ, ತಂದೆಯ ಕಡೆಗೆ ಹಿಂದಿರುಗುವುದು. ಹೀಗಾಗಿ, ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದು, ಕೆಲಸ ಮಾಡಿ ನಾಲ್ಕು ಕಾಸು ಕೂಡಿಸಿದ ಮಗಳ ಗಳಿಕೆಯು, ಅವಳನ್ನು ಸಾಕಿದ ತಾಯಿಯನ್ನು ಬಿಟ್ಟು, ಎಂದೂ ಮುಖ ನೋಡದ ಮೈದುನನ ಪಾಲಾಗಬಹುದು. ಇದನ್ನು ತಪ್ಪಿಸಲು ಉಯಿಲೊಂದೇ ಸುಲಭವಾದ ದಾರಿ. ಉಯಿಲು ಗಂಡಸರ ಕೆಲಸವೆಂಬ ಭಾವನೆಯನ್ನು ನಮ್ಮ ಸಹೋದರಿಯರು ಬಿಡಬೇಕು.

ಮುಸಲ್ಮಾನ ಬಂಧುಗಳಿಗೆ ಅವರ ಧರ್ಮಶಾಸ್ತ್ರವು ಬೇರೆ ಕಟ್ಟುಪಾಡನ್ನು ವಿಧಿಸಿದೆ. ಶವಸಂಸ್ಕಾರದ ವೆಚ್ಚವೂ ಸಾಲವೂ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನಿಂದ ಕೊಡುವಂತಿಲ್ಲ. ಕ್ರೈಸ್ತರು ಮದುವೆಗೆ ಮೊದಲು ಬರೆದ ಉಯಿಲು ಮದುವೆಯೊಡನೆ ರದ್ದಾಗುವುದರಿಂದ, ಮದುವೆಯ ಬಳಿಕ ಅದನ್ನು ಹೊಸದಾಗಿ ಬರೆಯಬೇಕು.

ಬರೆಯುವ ಬಗೆ

ಉಯಿಲಿಗೆ ಛಾಪಾ ಕಾಗದವು ಬೇಕಾಗಿಲ್ಲ. ಬಿಳಿಯ ಹಾಳೆಯೇ ಸಾಕು. ಇಂಥ ಭಾಷೆಯೇ ಆಗಬೇಕೆಂಬ ನಿಯಮವಿಲ್ಲ. ಶುದ್ಧವಾದ, ಎರಡರ್ಥಕ್ಕೆ ಎಡೆಗೊಡದ ಕನ್ನಡವಿದ್ದರಾಯಿತು. ಬರೆಯುವವರು ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ೧೯೨೫ರ ಭಾರತೀಯ ಉತ್ತರಾಧಿಕಾರ ಶಾಸನದ ೬೩ನೆಯ ಕಲಮು ಮುಖ್ಯವಾಗಿ ಎರಡನ್ನು ಕೇಳುತ್ತದೆ. ಬರೆದವರು ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಬೇಕು. ಅದನ್ನು ಕಂಡ, ಅಥವಾ ಬರೆದವರ ಬಾಯಿಂದಲೇ ‘ಇದು ನನ್ನ ರುಜು’ ಎಂದು ಕೇಳಿದ ಇಬ್ಬರು ಸಾಕ್ಷಿಗಳು ಅವರ ಎದುರಿಗೇ ರುಜು ಹಾಕಬೇಕು. ಈ ಎರಡನೆಯದರಲ್ಲಿಯೇ ಬಹಳ ಉಯಿಲುಗಳು ಬೀಳುತ್ತವೆ. ಮನೆಯಲ್ಲಿ ರುಜು ಮಾಡಿದ ಕಾಗದವನ್ನು ಸಾಕ್ಷಿಗಳ ಮನೆಗೆ ಹುಡುಗನ ಕೈಯಲ್ಲಿ ಕಳುಹಿಸಿ ರುಜು ತರಿಸಿಕೊಂಡರೆ ಅದು ಉಯಿಲೆನಿಸದು.

ಸಾಕ್ಷಿಗಳನ್ನು ಆರಿಸುವಾಗ ತಮಗಿಂತ ಕಿರಿಯರನ್ನು ಆರಿಸುವುದು ಮೇಲು. ಮುಂದೆ ಉಯಿಲನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾದಾಗ, ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದು ಕೈಗೆ ಸಿಗುವಂತಿದ್ದರೆ ಅವರನ್ನು ಕರೆತಂದು ಹೇಳಿಸಲೇಬೇಕು. ಎಂಬತ್ತರ ಮುದುಕರಿಗೆ ಎಂಬತ್ತರ ಮುದುಕರೇ ಸಾಕ್ಷಿಯಾದರೆ ಆ ಹೊತ್ತಿಗೆ ಯಾರು ಉಳಿದಿರುವರು? ಆಸ್ತಿಯಲ್ಲಿ ಪಾಲು ಪಡೆಯುವವರನ್ನು ಸಾಕ್ಷಿ ಮಾಡದಿರುವುದು ಯಾವಾಗಲೂ ಕ್ಷೇಮ. ಮನೆಯ ವೈದ್ಯರು ಒಬ್ಬ ಸಾಕ್ಷಿಯಾದರೆ, ಬರೆದವರ ಬುದ್ಧಿಯು ಸ್ಥಿಮಿತದಲ್ಲಿದ್ದಿತೆಂಬುದಕ್ಕೆ ಬೇರೆ ಆಧಾರವು ಅಷ್ಟಾಗಿ ಬೇಕಾಗದು.

ಒಳಗಿನ ಬರಹವು ಹೀಗಿರಲಿ. ಮೊದಲು ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ವಾಸಸ್ಥಳ, ತಾರೀಖು. ಇದಕ್ಕೆ ಮುಂಚಿನ ಉಯಿಲುಗಳೆಲ್ಲ ರದ್ದೆಂಬ ಮಾತು. ಆಮೇಲೆ ಆಸ್ತಿಯ ವಿವರ: ಜಮೀನಾದರೆ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ಕಡೆಯ ಚೆಕ್ಕುಬಂದಿ; ಮನೆಯಾದರೆ ಖಾತೆಯ ನಂಬರು; ಬ್ಯಾಂಕಿನ ಠೇವಣಿ, ಒಡವೆ, ಷೇರು ಮೊದಲಾದುವುಗಳ ಪಟ್ಟಿ. ಯಾವುದು ಯಾರಿಗೆಂಬುದನ್ನು ಹೆಸರು ಹಿಡಿದು ಬರೆಯಬೇಕು. ಪಟ್ಟಿಯಲ್ಲಿ ಮರೆತುಹೋದ ಅಥವಾ ಮುಂದೆ ಸಂಪಾದಿಸುವ ಆಸ್ತಿಯು ಇಂಥವರಿಗೆಂದು ಕೊನೆಯಲ್ಲಿ ಒಂದು ವಾಕ್ಯವಿರಲಿ. ಇದನ್ನು ಬಿಡುವವರು ಬಹಳ. ಯಾವ ಮಗುವಿಗಾದರೂ ಕಡಿಮೆ ಕೊಟ್ಟಿದ್ದಲ್ಲಿ ಕಾರಣವನ್ನು ಸೌಮ್ಯವಾದ ಮಾತಿನಲ್ಲಿ ಹೇಳಬೇಕು: ‘ಇವನ ವಿದ್ಯಾಭ್ಯಾಸಕ್ಕೆ ಮೊದಲೇ ಹೆಚ್ಚಾಗಿ ವೆಚ್ಚ ಮಾಡಿರುವುದರಿಂದ’ ಎಂಬಂತೆ. ಕಾರಣವಿಲ್ಲದ ತಾರತಮ್ಯವು ನ್ಯಾಯಾಲಯಕ್ಕೆ ಸಂದೇಹವನ್ನೂ, ಮಗುವಿಗೆ ಜೀವಮಾನದ ನೋವನ್ನೂ ಉಂಟುಮಾಡುತ್ತದೆ. ಹೆಂಡತಿಗೆ ಪೂರ್ಣ ಹಕ್ಕೋ, ಬದುಕಿರುವವರೆಗಿನ ಅನುಭವದ ಹಕ್ಕೋ ಎಂಬುದನ್ನು ಬಿಡಿಸಿ ಬರೆಯತಕ್ಕದ್ದು. ಈ ಒಂದು ಅಸ್ಪಷ್ಟತೆಯಿಂದ ಹುಟ್ಟಿದ ವ್ಯಾಜ್ಯಗಳಿಗೆ ಲೆಕ್ಕವಿಲ್ಲವಾದುದರಿಂದ ಇಲ್ಲಿ ವಕೀಲರ ಸಲಹೆಯು ಅವಶ್ಯ. ಇದನ್ನೆಲ್ಲ ನಡೆಸಿಕೊಡುವ ನಂಬಿಕೆಯ ಒಬ್ಬ ನಿರ್ವಾಹಕನನ್ನೂ, ಮಕ್ಕಳು ಚಿಕ್ಕವರಾಗಿದ್ದಲ್ಲಿ ಪಾಲಕನನ್ನೂ ನೇಮಿಸಬಹುದು. ಸಾಲವಿದ್ದರೆ ಅದನ್ನೂ ಬರೆದಿಡಬೇಕು. ಸಾಲ ತೀರಿದ ಮೇಲೆ ಉಳಿದುದೇ ಹಂಚುವ ಆಸ್ತಿ.

ಉಯಿಲನ್ನು ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ. ಆದರೂ ಮಾಡಿಸುವುದು ಒಳ್ಳೆಯದು. ಹಾಗೆ ಮಾಡಿದಲ್ಲಿ ಕಾಗದವು ಕಳೆದುಹೋದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಇದ್ದೇ ಇರುವುದು. ಒಳಗಿನ ವಿಷಯವು ಯಾರಿಗೂ ತಿಳಿಯಬಾರದೆಂದಿದ್ದರೆ, ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲೆಯ ರಿಜಿಸ್ಟ್ರಾರರಲ್ಲಿ ಠೇವಣಿಯಿಡಲು ೧೯೦೮ರ ಶಾಸನವು ಅವಕಾಶ ಕೊಟ್ಟಿದೆ. ಬರೆದವರು ಜೀವದಿಂದಿರುವವರೆಗೆ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಕಡೆಯದೇ ಊರ್ಜಿತ. ಆದಕಾರಣ ‘ಬರೆದರೆ ಕೈ ಕಟ್ಟಿದಂತಾಗುವುದು’ ಎಂಬ ಭಯಕ್ಕೆ ಕಾರಣವಿಲ್ಲ.

ಸಂದೇಹಕ್ಕೆ ಎಡೆಗೊಡದಿರುವುದು

ಉಯಿಲಿನ ಮೊಕದ್ದಮೆಗಳಲ್ಲಿ ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಎತ್ತಿ ಹೇಳುವ ತೀರ್ಪೊಂದು ಮೈಸೂರಿನಿಂದಲೇ ಹೋದುದು. ವಕೀಲರು ಅದನ್ನು ತಿಮ್ಮಾಜಮ್ಮನವರ ಮೊಕದ್ದಮೆಯೆಂದು ಕರೆಯುತ್ತಾರೆ. ಅದು ಒಬ್ಬ ವೃದ್ಧ ಸ್ತ್ರೀಯ ಹೆಸರಿನ ಉಯಿಲು. ಅದನ್ನು ಮುಂದಿಟ್ಟವರೇ ಅದರ ಬರವಣಿಗೆಯಲ್ಲಿ ಮುಂದಾಗಿ ನಿಂತಿದ್ದರು. ಅವರ ಕಡೆಯವರಿಗೇ ಅದರಿಂದ ಹೆಚ್ಚಿನ ಲಾಭವಿದ್ದಿತು. ೧೯೫೮ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಉಯಿಲನ್ನು ಒಪ್ಪಲಿಲ್ಲ. ರುಜುವಿದ್ದ ಮಾತ್ರಕ್ಕೆ ಸಾಲದು; ಬರೆಸಿದವರು ಅದರ ಅರ್ಥವನ್ನು ತಿಳಿದು, ಸ್ವಬುದ್ಧಿಯಿಂದ ರುಜು ಹಾಕಿದರೆಂಬುದನ್ನು ತೋರಿಸಿ, ಸುತ್ತಲಿನ ಸಂದೇಹಗಳನ್ನೆಲ್ಲ ನಿವಾರಿಸಬೇಕಾದ ಹೊಣೆಯು ಉಯಿಲನ್ನು ಮುಂದಿಡುವವರದು ಎಂಬುದು ಅದರ ಸಾರ.

ಇದರಿಂದ ಗೃಹಸ್ಥರು ಕಲಿಯಬೇಕಾದ ಪಾಠವು ಸ್ಪಷ್ಟವಾಗಿದೆ. ಆಸ್ಪತ್ರೆಯ ಮಂಚದ ಮೇಲೆ, ಅರೆಪ್ರಜ್ಞೆಯಲ್ಲಿ, ಒಬ್ಬ ಮಗನು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಗಳಿಗೆಯವರೆಗೆ ಕಾಯಬಾರದು. ಮೈಯಲ್ಲಿ ಶಕ್ತಿಯೂ ಕಣ್ಣಲ್ಲಿ ಬೆಳಕೂ ಇರುವಾಗ, ಯಾರ ಬಲವಂತವೂ ಇಲ್ಲದೆ, ತಾವೇ ಓದಿ ರುಜು ಹಾಕಬೇಕು.

ಖಾತೆ ಮತ್ತು ನಾಮನಿರ್ದೇಶನ

ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಲವಾಗಿ ಬೇರೂರಿವೆ. ಮೊದಲನೆಯದು, ಬ್ಯಾಂಕಿನಲ್ಲಿ ಯಾರ ಹೆಸರನ್ನು ನಾಮಿನಿಯೆಂದು ಬರೆಸಿದೆಯೋ ಹಣವು ಅವರದೇ ಎಂಬುದು. ಬ್ಯಾಂಕು ಹಣವನ್ನು ಅವರ ಕೈಗೆ ಕೊಡುವುದು ನಿಜ. ಆದರೆ ಅವರು ಅದನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು ಒಡೆಯರಾಗರೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಠೇವಣಿಗಳ ವಿಷಯದಲ್ಲಿಯೂ, ೨೦೨೩ರಲ್ಲಿ ಷೇರುಗಳ ವಿಷಯದಲ್ಲಿಯೂ ಹೇಳಿದೆ. ಎರಡನೆಯದು, ಪೌತಿ ಖಾತೆಯಾಗಿ ಪಹಣಿಯಲ್ಲಿ ಯಾರ ಹೆಸರು ಬಂದಿದೆಯೋ ಜಮೀನು ಅವರದು ಎಂಬುದು. ಖಾತೆಯು ಕಂದಾಯ ಕಟ್ಟುವವರ ಗುರುತು. ಹಕ್ಕು ಹುಟ್ಟುವುದು ಕ್ರಯ, ದಾನ, ವಿಭಾಗ, ಉಯಿಲು, ವಾರಸು ಮೊದಲಾದ ಮೂಲಗಳಿಂದ. ಹಿರಿಯಣ್ಣನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ತಂಗಿಯ ಭಾಗವು ಕರಗಿಹೋಗುವುದಿಲ್ಲ. ನಾಮಿನಿಯ ಹೆಸರೂ ಉಯಿಲೂ ಒಂದಕ್ಕೊಂದು ಹೊಂದುವಂತಿದ್ದರೆ ಮಕ್ಕಳಿಗೆ ತೊಡಕು ತಪ್ಪುವುದು.

ಬದುಕಿರುವಾಗಲೇ ಕೊಡುವುದು

ಕೆಲವರು ಉಯಿಲಿನ ಗೊಡವೆಯೇ ಬೇಡವೆಂದು ಬದುಕಿರುವಾಗಲೇ ದಾನಪತ್ರವನ್ನು ಬರೆದುಕೊಟ್ಟುಬಿಡುತ್ತಾರೆ. ಸ್ಥಿರಾಸ್ತಿಯ ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳೂ ರಿಜಿಸ್ಟ್ರಿಯೂ ಕಡ್ಡಾಯ. ಪಡೆಯುವವರು ಒಪ್ಪಿ ಸ್ವೀಕರಿಸಲೂ ಬೇಕು. ಒಮ್ಮೆ ಕೊಟ್ಟ ಮೇಲೆ ಉಯಿಲಿನಂತೆ ಮನಸ್ಸು ಬಂದಾಗ ಹಿಂದಕ್ಕೆ ಪಡೆಯಲಾಗದು. ಇದ್ದ ಒಂದೇ ಮನೆಯನ್ನು ಮಗನಿಗೆ ದಾನ ಮಾಡಿ, ಆಮೇಲೆ ಅದೇ ಮನೆಯ ಹಿತ್ತಲಿನ ಕೋಣೆಯಲ್ಲಿ ಊಟದ ಕರೆಗಾಗಿ ಕಾಯುವ ಮುದುಕರನ್ನು ನಾವು ನೋಡಿಲ್ಲವೇ? ಇಂಥವರ ರಕ್ಷಣೆಗಾಗಿ ೨೦೦೭ರಲ್ಲಿ ಹಿರಿಯ ನಾಗರಿಕರ ಶಾಸನವು ಹುಟ್ಟಿತು. ಪೋಷಣೆ ಮಾಡತಕ್ಕದ್ದೆಂಬ ಷರತ್ತಿನ ಮೇಲೆ ಆಸ್ತಿಯನ್ನು ಕೊಟ್ಟಿದ್ದು, ಪಡೆದವರು ಪೋಷಿಸದೆ ಹೋದರೆ, ಆ ಪತ್ರವನ್ನು ರದ್ದುಗೊಳಿಸಲು ಅದರ ೨೩ನೆಯ ಕಲಮಿನಲ್ಲಿ ಅವಕಾಶವುಂಟು. ಆದುದರಿಂದ ದಾನ ಕೊಡುವವರು ‘ಜೀವಮಾನ ಪರ್ಯಂತ ನಮ್ಮನ್ನು ನೋಡಿಕೊಳ್ಳತಕ್ಕದ್ದು, ಈ ಮನೆಯಲ್ಲಿ ವಾಸಿಸುವ ಹಕ್ಕು ನಮಗಿರತಕ್ಕದ್ದು’ ಎಂಬ ಮಾತನ್ನು ಸಂಕೋಚಪಡದೆ ಬರೆಯಿಸಬೇಕು. ಪ್ರೀತಿಯ ಮಕ್ಕಳು ಇದಕ್ಕೆ ಮುನಿಯರು. ಮುನಿಯುವವರಿಗಾದರೆ ಈ ಮಾತು ಬೇಕೇ ಬೇಕು.

ಟ್ರಸ್ಟಿನ ಉಪಯೋಗ

ಟ್ರಸ್ಟೆಂದರೆ ಶ್ರೀಮಂತರ ವಿಷಯವೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಎಲ್ಲ ಮನೆಗಳಿಗೂ ಅದು ಬೇಕಾಗುವುದಿಲ್ಲವೆಂಬುದು ನಿಜ. ಆದರೆ ಬುದ್ಧಿ ಬೆಳೆಯದ, ಅಥವಾ ತಾನಾಗಿ ವ್ಯವಹರಿಸಲಾಗದ ಮಗುವಿರುವ ಮನೆಗೆ ಅದಕ್ಕಿಂತ ಉತ್ತಮವಾದ ಏರ್ಪಾಡು ಅಪರೂಪ. ‘ನಾವು ಹೋದ ಮೇಲೆ ಇವಳ ಗತಿಯೇನು?’ ಎಂದು ರಾತ್ರಿ ನಿದ್ದೆಗೆಡುವ ತಂದೆತಾಯಿಗಳಿಗೆ ಆಸ್ತಿಯನ್ನು ಅವಳ ಹೆಸರಿಗೆ ಬರೆದರೂ ಸಮಾಧಾನವಿಲ್ಲ, ಅವಳ ಅಣ್ಣನ ಹೆಸರಿಗೆ ಬರೆದರೂ ಸಮಾಧಾನವಿಲ್ಲ. ೧೮೮೨ರ ಟ್ರಸ್ಟು ಶಾಸನದಂತೆ ಆಸ್ತಿಯನ್ನು ನಂಬಿಕೆಯ ಇಬ್ಬರು ಮೂವರ ಕೈಗೆ ಒಪ್ಪಿಸಿ, ಅದರ ಹುಟ್ಟುವಳಿಯನ್ನು ಇವಳ ಊಟ, ಔಷಧ, ಆರೈಕೆಗಳಿಗೇ ವಿನಿಯೋಗಿಸತಕ್ಕದ್ದೆಂದು ವಿಧಿಸಬಹುದು. ಆ ವಿಶ್ವಸ್ತರು ಲೆಕ್ಕವನ್ನಿಡಬೇಕು. ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸಕೂಡದು. ಸ್ಥಿರಾಸ್ತಿಯ ಟ್ರಸ್ಟಾದರೆ ರಿಜಿಸ್ಟರಾದ ಪತ್ರದಿಂದಲೋ ಉಯಿಲಿನಿಂದಲೋ ಮಾಡಬೇಕು. ಉಯಿಲಿನಲ್ಲಿಯೇ ಮಾಡಿದರೆ ತಂದೆತಾಯಿಗಳು ಇರುವವರೆಗೆ ಆಸ್ತಿಯು ಅವರ ಕೈಯಲ್ಲೇ ಇದ್ದು, ಬಳಿಕ ವಿಶ್ವಸ್ತರ ಕೈಗೆ ಹೋಗುವುದು. ಇಂಥ ಕೆಲವು ಬಗೆಯ ಅಂಗವೈಕಲ್ಯವುಳ್ಳವರಿಗೆ ಹದಿನೆಂಟು ವರ್ಷ ತುಂಬಿದ ಮೇಲೂ ಪಾಲಕರನ್ನು ನೇಮಿಸಲು ೧೯೯೯ರ ರಾಷ್ಟ್ರೀಯ ನ್ಯಾಸ ಶಾಸನದಲ್ಲಿ ಏರ್ಪಾಡಿದೆ. ಟ್ರಸ್ಟು ಮಾಡಿದರೆ ಸಾಲಗಾರರಿಂದ ತಪ್ಪಿಸಿಕೊಳ್ಳಬಹುದೆಂದು ಮಾತ್ರ ಯಾರೂ ಭಾವಿಸಬಾರದು. ಸಾಲಕೊಟ್ಟವರನ್ನು ವಂಚಿಸುವುದಕ್ಕಾಗಿ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯವು ತಳ್ಳಿಹಾಕಬಲ್ಲುದು.

ಕಡೆಯ ಮಾತು

ಉಯಿಲು ಬರೆದವರೆಲ್ಲ ಬೇಗನೆ ಸತ್ತರೆಂಬುದನ್ನು ಯಾರೂ ಕಂಡಿಲ್ಲ. ಮದುವೆಗೆ ಮುಂಚೆ ಲಗ್ನಪತ್ರಿಕೆ ಬರೆಯುತ್ತೇವೆ. ಮನೆ ಕೊಳ್ಳುವಾಗ ಕ್ರಯಪತ್ರ ಬರೆಯುತ್ತೇವೆ. ನೂರು ರೂಪಾಯಿ ಕೈಸಾಲಕ್ಕೂ ಚೀಟಿ ಬರೆಯಿಸಿಕೊಳ್ಳುತ್ತೇವೆ. ಜೀವಮಾನದ ದುಡಿಮೆಯನ್ನು ಮಾತ್ರ ಬಾಯಿಮಾತಿಗೆ ಬಿಟ್ಟು ಹೋಗುವುದು ವಿವೇಕವೆನಿಸದು.

ಮುಂದಿನ ರಜೆಯ ದಿನ ಮನೆಯ ದಂಪತಿಗಳು ಪೆಟ್ಟಿಗೆಯನ್ನು ತೆರೆದು ಕುಳಿತುಕೊಳ್ಳಲಿ. ಕ್ರಯಪತ್ರ, ಪಹಣಿ, ಕಂದಾಯದ ರಸೀತಿ, ಬ್ಯಾಂಕಿನ ಪುಸ್ತಕ, ವಿಮೆಯ ಕಾಗದ ಇವನ್ನೆಲ್ಲ ಒಂದೆಡೆ ಸೇರಿಸಿ, ಒಂದು ಹಾಳೆಯಲ್ಲಿ ಪಟ್ಟಿ ಮಾಡಲಿ. ಆ ಪಟ್ಟಿಯು ಮುಗಿಯಿತೆಂದರೆ ಉಯಿಲಿನ ಅರ್ಧ ಕೆಲಸವು ಮುಗಿದಂತೆಯೇ. ಉಳಿದರ್ಧಕ್ಕೆ ಬಲ್ಲ ವಕೀಲರೊಬ್ಬರನ್ನು ಕಂಡು ಬರಲಿ. ಕಾಗದವನ್ನು ಎಲ್ಲಿಟ್ಟಿದೆಯೆಂಬುದನ್ನು ಒಬ್ಬರಿಗಾದರೂ ತಿಳಿಸಿರಲಿ.

ಆ ತಾಯಿಯು ಮಗಳ ಮನೆಯಲ್ಲಿರುವಾಗ ಒಮ್ಮೆ ನನ್ನನ್ನು ಕರೆಸಿಕೊಂಡರು. ಅವರ ಭಾಗಕ್ಕೆ ಬಂದ ಹಣವು ಬ್ಯಾಂಕಿನಲ್ಲಿದ್ದಿತು. ನಾಲ್ಕು ಬಳೆಗಳೂ ಒಂದು ಸರವೂ ಇದ್ದುವು. “ಯಾರಿಗೆ ಯಾವುದು ಎಂದು ನಾನು ಹೇಳುತ್ತೇನೆ, ನೀನು ಬರೆಯಪ್ಪ. ಇಬ್ಬರು ಸಾಕ್ಷಿಗಳನ್ನೂ ಕರೆದುಕೊಂಡು ಬಾ. ನನ್ನ ಮಕ್ಕಳು ಇನ್ನೊಂದು ಸಲ ಜಗಳವಾಡುವುದು ಬೇಡ” ಎಂದರು. ಬರೆದುದು ಒಂದೂವರೆ ಪುಟವಾಯಿತು. ಅವರು ಕನ್ನಡಕವನ್ನು ಹಾಕಿಕೊಂಡು ಎರಡು ಸಲ ಓದಿ, ನಿಧಾನವಾಗಿ ರುಜು ಹಾಕಿದರು.